ಆ್ಯಂಟಿಬಯೋಟಿಕ್ ನುಂಗಿದ ಮೇಲೆ ಹೊಟ್ಟೆಯೊಳಗೆ ಏನಾಗುತ್ತದೆ?

ಆ್ಯಂಟಿಬಯೋಟಿಕ್ ಶುರು ಮಾಡಿದ ಎರಡನೆಯ ದಿನವೋ ಮೂರನೆಯ ದಿನವೋ ಹೊಟ್ಟೆ ಸಡಿಲವಾಗುತ್ತದೆ. ನಾಲಿಗೆಗೆ ರುಚಿ ಹತ್ತುವುದಿಲ್ಲ. ಕೆಲವರ ಬಾಯಲ್ಲಿ ಬಿಳಿ ಪದರ ಕಟ್ಟುತ್ತದೆ, ಕೆಲವು ಹೆಂಗಸರಿಗೆ ಜನನಾಂಗದಲ್ಲಿ ತಡೆಯಲಾರದ ತುರಿಕೆ ಶುರುವಾಗುತ್ತದೆ. ಇಷ್ಟಕ್ಕೂ ನಮ್ಮ ಮನೆಗಳಲ್ಲಿ ಒಂದೇ ಉತ್ತರ: ‘ಮಾತ್ರೆ ಹೀಟು, ಮಜ್ಜಿಗೆ ಕುಡಿ.’ ಮಜ್ಜಿಗೆ ಕುಡಿಯುವುದರಲ್ಲಿ ತಪ್ಪಿಲ್ಲ. ಆದರೆ ಒಳಗೆ ನಡೆದಿರುವುದು ಬೇರೆಯೇ. ರೋಗದ ಬ್ಯಾಕ್ಟೀರಿಯಾವನ್ನು ಕೊಲ್ಲಲೆಂದು ನುಂಗಿದ ಮಾತ್ರೆ, ಹುಟ್ಟಿದಂದಿನಿಂದ ನಮ್ಮೊಡನೆ ಬಾಳುತ್ತ ಬಂದ ಬ್ಯಾಕ್ಟೀರಿಯಾಗಳನ್ನೂ ರಾಶಿರಾಶಿಯಾಗಿ ಕೊಂದಿದೆ. ಹೊಟ್ಟೆ ಕೆಡುವುದು, ಬಾಯಿ ಬೆಳ್ಳಗಾಗುವುದು, ತುರಿಕೆ, ಎಲ್ಲದರ ಮೂಲ ಅಲ್ಲಿದೆ.

ಚರ್ಮ, ಬಾಯಿ, ಕರುಳು, ಯೋನಿ, ಹೀಗೆ ಹೊರಜಗತ್ತಿನ ಸಂಪರ್ಕವಿರುವ ಜಾಗಗಳಲ್ಲೆಲ್ಲ ಬ್ಯಾಕ್ಟೀರಿಯಾ ನೆಲೆಸಿವೆ. ಇಸ್ರೇಲ್‌ನ ವೈಜ್‌ಮನ್ ಸಂಸ್ಥೆಯ ವಿಜ್ಞಾನಿಗಳು 2016ರಲ್ಲಿ ಹಾಕಿದ ಅಂದಾಜಿನಂತೆ, 70 ಕಿಲೋ ತೂಕದ ಗಂಡಸಿನ ದೇಹದಲ್ಲಿ ಅವನದೇ ಜೀವಕೋಶಗಳು ಸುಮಾರು 30 ಲಕ್ಷ ಕೋಟಿ ಇದ್ದರೆ ಬ್ಯಾಕ್ಟೀರಿಯಾಗಳು ಸುಮಾರು 38 ಲಕ್ಷ ಕೋಟಿ. ಎಲ್ಲ ಸೇರಿಸಿ ತೂಗಿದರೆ 200 ಗ್ರಾಂ ಆದೀತು. ಅವುಗಳಲ್ಲಿ ಬಹುಪಾಲು ದೊಡ್ಡ ಕರುಳಿನಲ್ಲಿವೆ.

ಈ 200 ಗ್ರಾಂ ಮಾಡುವ ಕೆಲಸ ಕಡಿಮೆಯದಲ್ಲ. ರಾಗಿ, ಜೋಳ, ಸೊಪ್ಪು, ಕಾಳುಗಳ ನಾರನ್ನು ನಮ್ಮ ಜಠರ, ಸಣ್ಣ ಕರುಳು ಅರಗಿಸಲಾರವು. ಅದು ಹಾಗೆಯೇ ದೊಡ್ಡ ಕರುಳಿಗೆ ಇಳಿದಾಗ ಅಲ್ಲಿನ ಬ್ಯಾಕ್ಟೀರಿಯಾ ಅದನ್ನು ಹುದುಗಿಸಿ ಬ್ಯುಟಿರೇಟ್‌ನಂಥ ಸಣ್ಣ ಕೊಬ್ಬಿನಾಮ್ಲಗಳನ್ನು ತಯಾರಿಸುತ್ತವೆ. ದೊಡ್ಡ ಕರುಳಿನ ಒಳಗೋಡೆಯ ಜೀವಕೋಶಗಳಿಗೆ ಮುಖ್ಯ ಆಹಾರವೇ ಈ ಬ್ಯುಟಿರೇಟ್. ಬ್ಯಾಕ್ಟೀರಿಯಾ ಸತ್ತಾಗ ನಾರು, ಪಿಷ್ಟ ಎಲ್ಲ ಹುದುಗದೆ ಉಳಿದು ನೀರನ್ನು ಹಿಡಿದಿಟ್ಟುಕೊಳ್ಳುತ್ತವೆ. ಮಾತ್ರೆಯ ಮೂರನೆಯ ದಿನ ಮಲ ನೀರಾಗುವುದಕ್ಕೆ ಇದೊಂದು ದೊಡ್ಡ ಕಾರಣ. ಸಾಮಾನ್ಯವಾಗಿ ಇದು ಕೋರ್ಸ್ ಮುಗಿದ ಕೆಲವೇ ದಿನಗಳಲ್ಲಿ ತಾನಾಗಿ ಸರಿಹೋಗುತ್ತದೆ.

ಇದಕ್ಕಿಂತ ಮುಖ್ಯವಾದದ್ದು ಕಾವಲಿನ ಕೆಲಸ. ಸೀಟೆಲ್ಲ ಭರ್ತಿಯಾದ ಬಸ್ಸಿನಲ್ಲಿ ಹೊಸಬರಿಗೆ ಜಾಗ ಸಿಗದ ಹಾಗೆ, ತುಂಬಿದ ಕರುಳಿನಲ್ಲಿ ರೋಗಾಣುವಿಗೆ ನೆಲೆ ಸಿಗುವುದಿಲ್ಲ. ಷಿಕಾಗೊ ವಿಶ್ವವಿದ್ಯಾಲಯದಲ್ಲಿ ಮಾರ್ಜರಿ ಬೋನ್‌ಹಾಫ್ ಮತ್ತು ಫಿಲಿಪ್ ಮಿಲ್ಲರ್ 1950–60ರ ದಶಕಗಳಲ್ಲಿ ಇಲಿಗಳ ಮೇಲೆ ಇದನ್ನು ಪರೀಕ್ಷಿಸಿದರು. ಆರೋಗ್ಯವಂತ ಇಲಿಯ ಕರುಳಿನಲ್ಲಿ ಸಾಲ್ಮೊನೆಲ್ಲಾ ಬೇರೂರಬೇಕಾದರೆ ಸುಮಾರು ಒಂದು ಲಕ್ಷ ಬ್ಯಾಕ್ಟೀರಿಯಾ ಬೇಕಾಗುತ್ತಿತ್ತು. ಒಂದೇ ಡೋಸ್ ಸ್ಟ್ರೆಪ್ಟೊಮೈಸಿನ್ ಕೊಟ್ಟ ಮರುದಿನ ಹತ್ತಕ್ಕಿಂತ ಕಡಿಮೆ ಸಾಕಾಯಿತು. ಆ್ಯಂಟಿಬಯೋಟಿಕ್ ತೆಗೆದುಕೊಳ್ಳುವ ದಿನಗಳಲ್ಲಿ ಮತ್ತು ಆಮೇಲಿನ ಕೆಲವು ವಾರ ಹೊರಗಿನ ಪಾನಿಪೂರಿ, ಕತ್ತರಿಸಿಟ್ಟ ಹಣ್ಣು, ಕುದಿಸದ ನೀರು ಬೇಡ ಎಂದು ನಾನು ಒತ್ತಿ ಹೇಳುವುದು ಇದೇ ಕಾರಣಕ್ಕೆ. ಎಂದಿನ ದಿನ ಏನೂ ಮಾಡದ ನೀರು ಆ ದಿನಗಳಲ್ಲಿ ಹಾಸಿಗೆ ಹಿಡಿಸಬಹುದು.

ಖಾಲಿ ಜಾಗಕ್ಕೆ ಬರುವವನು

ಬ್ಯಾಕ್ಟೀರಿಯಾ ಸಮತೋಲನ ತಪ್ಪಿದರೆ ಎಷ್ಟು ದೂರ ಹೋಗಬಹುದು ಎಂಬುದಕ್ಕೆ ಕ್ಲಾಸ್ಟ್ರಿಡಿಯಾಯ್ಡಿಸ್ ಡಿಫಿಸೀಲ್ ಎಂಬ ಬ್ಯಾಕ್ಟೀರಿಯಾಕ್ಕಿಂತ ಸ್ಪಷ್ಟ ಉದಾಹರಣೆ ಇಲ್ಲ. ವೈದ್ಯರು ಚಿಕ್ಕದಾಗಿ ಸಿ. ಡಿಫ್ ಎನ್ನುತ್ತಾರೆ. 1935ರಲ್ಲಿ ಇದನ್ನು ಮೊದಲು ಗುರುತಿಸಿದ್ದು ನವಜಾತ ಶಿಶುಗಳ ಮಲದಲ್ಲಿ. ಆ ಮಕ್ಕಳಿಗೆ ಏನೂ ಆಗಿರಲಿಲ್ಲವಾದ್ದರಿಂದ ಯಾರೂ ಅಷ್ಟಾಗಿ ತಲೆಕೆಡಿಸಿಕೊಳ್ಳಲಿಲ್ಲ. 1970ರ ದಶಕದಲ್ಲಿ ಕ್ಲಿಂಡಾಮೈಸಿನ್ ಎಂಬ ಆ್ಯಂಟಿಬಯೋಟಿಕ್ ತೆಗೆದುಕೊಂಡವರಲ್ಲಿ ಕೆಲವರ ಕರುಳು ಉರಿದು ಹುಣ್ಣಾಗಿ ಜೀವಕ್ಕೇ ಅಪಾಯ ಬಂದಾಗ ಕಾರಣ ಹುಡುಕಿದರು. 1978ರಲ್ಲಿ ಸಿಕ್ಕಿದ್ದು ಇದೇ ಬ್ಯಾಕ್ಟೀರಿಯಾ.

ಇದು ಹೇಗೆ ನಡೆಯುತ್ತದೆ ಎಂಬುದನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಸಿ. ಡಿಫ್ ಗಟ್ಟಿ ಕವಚದೊಳಗೆ ಸುಪ್ತವಾಗಿರುವ ಸ್ಪೋರ್ ರೂಪದಲ್ಲಿ ಬಾಯಿಯ ಮೂಲಕ ಒಳಗೆ ಬರುತ್ತದೆ. ನಮ್ಮ ಯಕೃತ್ತು ಪಿತ್ತರಸ ಸುರಿಸುತ್ತದಲ್ಲ, ಅದರಲ್ಲಿನ ಕೆಲವು ಪಿತ್ತಾಮ್ಲಗಳು ಈ ಸ್ಪೋರ್ ಮೊಳಕೆಯೊಡೆಯಲು ಸಹಾಯ ಮಾಡುತ್ತವೆ. ಆದರೆ ಆರೋಗ್ಯವಾಗಿರುವ ದೊಡ್ಡ ಕರುಳಿನಲ್ಲಿ ಕೆಲವೇ ಕೆಲವು ಜಾತಿಯ ಬ್ಯಾಕ್ಟೀರಿಯಾ ಆ ಪಿತ್ತಾಮ್ಲಗಳನ್ನು ಬೇರೊಂದು ರೂಪಕ್ಕೆ ಮಾರ್ಪಡಿಸುತ್ತವೆ. ಆ ಹೊಸ ರೂಪ ಸಿ. ಡಿಫ್ ಬೆಳೆಯದಂತೆ ತಡೆಯುತ್ತದೆ. ಆ್ಯಂಟಿಬಯೋಟಿಕ್ ಬಂದು ಆ ಕೆಲವು ಜಾತಿಗಳನ್ನು ಅಳಿಸಿಹಾಕಿದರೆ ಮೊಳಕೆಗೆ ಬೇಕಾದದ್ದು ಉಳಿಯುತ್ತದೆ, ತಡೆಯುವಂಥದ್ದು ಮಾಯವಾಗುತ್ತದೆ. ಸಿ. ಡಿಫ್ ಬೆಳೆದು ವಿಷ ಉಗುಳುತ್ತದೆ.

ಓದುಗರು ನೆನಪಿಟ್ಟುಕೊಳ್ಳಬೇಕಾದದ್ದು ಲಕ್ಷಣಗಳನ್ನು. ಆ್ಯಂಟಿಬಯೋಟಿಕ್ ತೆಗೆದುಕೊಳ್ಳುತ್ತಿರುವಾಗ, ಅಥವಾ ಮುಗಿಸಿದ ಎರಡು–ಮೂರು ತಿಂಗಳ ಒಳಗೆ, ದಿನಕ್ಕೆ ಮೂರು ಅಥವಾ ಹೆಚ್ಚು ಬಾರಿ ನೀರಿನಂಥ ಭೇದಿ, ಜತೆಗೆ ಹೊಟ್ಟೆ ನುಲಿತ, ಜ್ವರ, ಮಲದಲ್ಲಿ ರಕ್ತ ಕಂಡರೆ ತಡಮಾಡದೆ ವೈದ್ಯರ ಬಳಿ ಹೋಗಿ. ‘ಹೋದ ತಿಂಗಳು ಆ್ಯಂಟಿಬಯೋಟಿಕ್ ತಗೊಂಡಿದ್ದೆ’ ಎಂಬ ಮಾತನ್ನು ನೀವೇ ಮೊದಲು ಹೇಳಿ. ಅದನ್ನು ಕೇಳಿದರೆ ಮಲ ಪರೀಕ್ಷೆ ಬೇಕೇ ಎಂದು ಅವರು ಯೋಚಿಸುತ್ತಾರೆ. 65 ದಾಟಿದವರು, ಆಸ್ಪತ್ರೆಯಲ್ಲಿದ್ದು ಬಂದವರು, ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು ಇನ್ನೂ ಹುಷಾರಾಗಿರಬೇಕು. ಭೇದಿ ನಿಲ್ಲಿಸುವ ಲೋಪೆರಮೈಡ್ ಮಾತ್ರೆಯನ್ನು ಅಂಗಡಿಯಿಂದ ತಂದು ನುಂಗಬೇಡಿ. ವಿಷ ಹೊರಹೋಗುವ ದಾರಿ ಕಟ್ಟಿದರೆ ಕರುಳು ಉಬ್ಬಿ ಅಪಾಯವಾಗಬಹುದು. ಇಂಥ ರೋಗಿಯನ್ನು ನೋಡಿಕೊಳ್ಳುವವರು ಸ್ಯಾನಿಟೈಸರ್ ನಂಬಿ ಕೂರಬಾರದು. ಸ್ಪೋರ್‌ಗಳು ಆಲ್ಕೋಹಾಲ್‌ಗೆ ಸಾಯುವುದಿಲ್ಲ. ಸೋಪು ಹಾಕಿ ಹರಿಯುವ ನೀರಿನಲ್ಲಿ ಕೈ ತೊಳೆಯಬೇಕು.

ಇದಕ್ಕೆ ಮದ್ದು ಮತ್ತೊಂದು ಆ್ಯಂಟಿಬಯೋಟಿಕ್ಕೇ, ವ್ಯಾಂಕೊಮೈಸಿನ್ ಥರದ್ದು. ಆದರೆ ಕೆಲವರಲ್ಲಿ ರೋಗ ಮತ್ತೆಮತ್ತೆ ಮರಳುತ್ತದೆ. ಅಂಥವರಿಗೆ ಆರೋಗ್ಯವಂತರ ಮಲವನ್ನು ಶುದ್ಧೀಕರಿಸಿ ಕರುಳಿಗೆ ಸೇರಿಸುವ ಚಿಕಿತ್ಸೆ ಇದೆ. ಕೇಳಲು ಹೇಸಿಗೆ ಎನಿಸಬಹುದು, ಆದರೆ ಕೆಲಸ ಮಾಡಿದ್ದು ಅದೇ. ಸಿ. ಡಿಫ್ ಕಾರಣವೆಂದು ತಿಳಿಯುವ ಮೊದಲೇ, 1958ರಲ್ಲಿ ಅಮೆರಿಕದ ಡೆನ್ವರ್‌ನಲ್ಲಿ ಬೆನ್ ಐಸ್‌ಮನ್ ಎಂಬ ಶಸ್ತ್ರವೈದ್ಯರ ತಂಡ ಸಾವಿನಂಚಿನಲ್ಲಿದ್ದ ನಾಲ್ವರಿಗೆ ಹೀಗೆ ಮಾಡಿ ಉಳಿಸಿತು. 2013ರಲ್ಲಿ ನೆದರ್‌ಲೆಂಡ್ಸ್‌ನಲ್ಲಿ ನಡೆದ ಪ್ರಯೋಗದಲ್ಲಿ 16 ರೋಗಿಗಳಲ್ಲಿ 13 ಮಂದಿ ಮೊದಲ ಸಲಕ್ಕೇ ಗುಣವಾದರು. ಬರೀ ವ್ಯಾಂಕೊಮೈಸಿನ್ ಪಡೆದ 13 ಮಂದಿಯಲ್ಲಿ ಗುಣವಾದದ್ದು 4 ಮಂದಿ. ಕಳೆದುಹೋದ ಬ್ಯಾಕ್ಟೀರಿಯಾಗಳನ್ನು ಮರಳಿಸಿದ್ದಕ್ಕೇ ರೋಗ ಬಿಟ್ಟಿತು ಎಂದಮೇಲೆ, ಅವುಗಳನ್ನು ಕಳೆದುಕೊಳ್ಳದಿರುವುದು ಎಷ್ಟು ಮುಖ್ಯ ಎಂದು ಬೇರೆ ಹೇಳಬೇಕಿಲ್ಲ.

ಕೋರ್ಸ್ ಮುಗಿದ ಮೇಲೆ ಎಲ್ಲ ಮರಳಿ ಬರುತ್ತವೆಯೇ?

ಬಹಳಷ್ಟು ಬರುತ್ತವೆ, ಎಲ್ಲವೂ ಅಲ್ಲ. ಡೆನ್ಮಾರ್ಕ್‌ನ ವಿಜ್ಞಾನಿಗಳು 12 ಆರೋಗ್ಯವಂತ ಯುವಕರಿಗೆ ನಾಲ್ಕು ದಿನ ಮೂರು ಬಲವಾದ ಆ್ಯಂಟಿಬಯೋಟಿಕ್ ಕೊಟ್ಟು ಆರು ತಿಂಗಳು ಅವರ ಮಲ ಪರೀಕ್ಷಿಸುತ್ತ ಹೋದರು. 2018ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಒಂದೂವರೆ ತಿಂಗಳಿಗೆ ಕರುಳು ಹೆಚ್ಚುಕಡಿಮೆ ಮೊದಲಿನ ಸ್ಥಿತಿಗೆ ಬಂತು. ಆದರೆ ಮೊದಲು ಎಲ್ಲರಲ್ಲೂ ಇದ್ದ 9 ಜಾತಿಯ ಬ್ಯಾಕ್ಟೀರಿಯಾ ಆರು ತಿಂಗಳಾದರೂ ಅವರಲ್ಲಿ ಹೆಚ್ಚಿನವರಿಗೆ ಮರಳಿರಲಿಲ್ಲ. ವರ್ಷಕ್ಕೆ ಮೂರು–ನಾಲ್ಕು ಸಲ ಶೀತಕ್ಕೆ, ಗಂಟಲು ಕೆರೆತಕ್ಕೆ ಆ್ಯಂಟಿಬಯೋಟಿಕ್ ನುಂಗುವ ಮನೆಗಳಲ್ಲಿ ಆರು ತಿಂಗಳ ಬಿಡುವೂ ಸಿಗುವುದಿಲ್ಲ.

ಆದ್ದರಿಂದ ನಿಜವಾದ ರಕ್ಷಣೆ ಶುರುವಾಗುವುದು ಮೊಸರಿನಿಂದಲ್ಲ, ಮೆಡಿಕಲ್ ಶಾಪಿನ ಮುಂದೆ.

‘ಅಣ್ಣಾ, ಜ್ವರ, ಮೈಕೈ ನೋವು, ಕಫ. ಏನಾದ್ರೂ ಪವರ್ ಇರೋದು ಕೊಡಿ.’ ಹೀಗೆ ಕೇಳಿದವರ ಕೈಗೆ ಕೌಂಟರಿನಾಚೆಯಿಂದ ಬರುವುದು ಎಷ್ಟೋ ಸಲ ಅಜಿಥ್ರೋಮೈಸಿನ್ 500ರ ಮೂರು ಮಾತ್ರೆಯ ಚಿಕ್ಕ ಸ್ಟ್ರಿಪ್. ಅದನ್ನು ತಿರುಗಿಸಿ ನೋಡಿ. ಬೆಳ್ಳಿ ಹಾಳೆಯ ಮೇಲೆ ಮೇಲಿನಿಂದ ಕೆಳಗೆ ಒಂದು ಕೆಂಪು ಗೆರೆ ಇರುತ್ತದೆ. ವೈದ್ಯರ ಚೀಟಿ ಇಲ್ಲದೆ ಮಾರಬಾರದ, ಕೊಳ್ಳಬಾರದ ಔಷಧ ಎಂಬುದಕ್ಕೆ ಅದು ಗುರುತು. ಸೆಫಿಕ್ಸಿಮ್, ಲಿವೊಫ್ಲಾಕ್ಸಾಸಿನ್‌ನಂಥವಕ್ಕೆ ನಿಯಮ ಇನ್ನೂ ಬಿಗಿ. 2014ರಿಂದ ಅಂಗಡಿಯವರು ಬರೆದುಕೊಟ್ಟ ವೈದ್ಯರ ಹೆಸರು, ರೋಗಿಯ ಹೆಸರನ್ನು ಬೇರೆ ಪುಸ್ತಕದಲ್ಲಿ ದಾಖಲಿಸಬೇಕು. ಇನ್ನೊಂದು ವಿಷಯ: ಅಜಿಥ್ರೋಮೈಸಿನ್ ಮೂರು ದಿನದ ಮಾತ್ರೆ ಎಂದು ಮೂರೇ ದಿನ ಕೆಲಸ ಮಾಡಿ ಹೋಗುವುದಿಲ್ಲ. ಕೊನೆಯ ಮಾತ್ರೆ ನುಂಗಿದ ಮೇಲೂ ಹಲವು ದಿನ ಅದು ಅಂಗಾಂಶಗಳಲ್ಲಿ ಉಳಿದಿರುತ್ತದೆ.

ಶೀತ, ನೆಗಡಿ, ಫ್ಲೂ, ಡೆಂಗಿ, ಕೋವಿಡ್ ಎಲ್ಲವೂ ವೈರಸ್‌ನಿಂದ ಬರುವಂಥವು. ಗಂಟಲು ನೋವು, ಕೆಮ್ಮು ಕೂಡ ಹೆಚ್ಚಿನ ಸಲ ಹಾಗೆಯೇ. ವೈರಸ್‌ಗೆ ಆ್ಯಂಟಿಬಯೋಟಿಕ್ ಏನೂ ಮಾಡದು. ಕಫ ಹಳದಿ ಅಥವಾ ಹಸಿರು ಬಣ್ಣಕ್ಕೆ ತಿರುಗಿತು ಎಂಬುದೊಂದೇ ಬ್ಯಾಕ್ಟೀರಿಯಾದ ಸಾಕ್ಷಿಯಲ್ಲ. ಮಕ್ಕಳ ನೀರು ಭೇದಿಗೂ ಹೆಚ್ಚಿನ ಸಲ ವೈರಸ್ಸೇ ಕಾರಣ. ಅಲ್ಲಿ ಬೇಕಾದದ್ದು ಓಆರ್‌ಎಸ್ ಮತ್ತು 14 ದಿನ ಝಿಂಕ್. ಮಗು ನಾಲ್ಕು ಸಲ ಭೇದಿ ಮಾಡಿದ ಕೂಡಲೆ ಆಫ್ಲಾಕ್ಸಾಸಿನ್–ಆರ್ನಿಡಜೋಲ್ ಆ್ಯಂಟಿಬಯೋಟಿಕ್ ಸಿರಪ್ ಹಾಕುವ ರೂಢಿ ನನಗೆ ತುಂಬ ನೋವು ತರುವ ವಿಷಯ. ಸೋಂಕು ಬಂದ ಕರುಳಿನ ಮೇಲೆ ಮತ್ತೊಂದು ಪೆಟ್ಟು ಕೊಟ್ಟಂತಾಗುತ್ತದೆ. ಮಲದಲ್ಲಿ ರಕ್ತ ಇದ್ದರೆ, ಮಗು ಮಂಕಾಗಿ ನೀರು ಕುಡಿಯದಿದ್ದರೆ ಮಾತು ಬೇರೆ, ಆಗ ತಡಮಾಡದೆ ವೈದ್ಯರಿಗೆ ತೋರಿಸಬೇಕು.

ವೈದ್ಯರ ಮುಂದೆ ಕೂತಾಗ ನಾವು ಪ್ರಶ್ನೆ ಕೇಳಲು ಹಿಂಜರಿಯುತ್ತೇವೆ. ಇಷ್ಟನ್ನಾದರೂ ಕೇಳಿ: ‘ಡಾಕ್ಟ್ರೇ, ಇದು ಬ್ಯಾಕ್ಟೀರಿಯಾದಿಂದ ಬಂದಿರೋದಾ? ಆ್ಯಂಟಿಬಯೋಟಿಕ್ ಇಲ್ಲದೆ ಎರಡು ದಿನ ನೋಡಬಹುದಾ? ಬೇಕೇ ಬೇಕು ಅಂದ್ರೆ ಎಷ್ಟು ದಿನ?’ ಒಳ್ಳೆಯ ವೈದ್ಯರು ಇದಕ್ಕೆ ಬೇಸರಪಟ್ಟುಕೊಳ್ಳುವುದಿಲ್ಲ. ‘ಸುಮ್ನೆ ಮನೆಗೆ ಕಳಿಸಿದ್ರು, ಒಂದು ಮಾತ್ರೇನೂ ಕೊಡಲಿಲ್ಲ’ ಎಂದು ದೂರುವ ಅಭ್ಯಾಸವನ್ನೂ ನಾವು ಬಿಡಬೇಕು. ಆ ಭಯಕ್ಕೇ ಬರೆದುಕೊಡುವವರೂ ಇದ್ದಾರೆ.

ಇಷ್ಟು ಹೇಳಿದ್ದನ್ನು ಯಾರೂ ತಪ್ಪು ತಿಳಿಯಬಾರದು. ನ್ಯುಮೋನಿಯಾ, ಟೈಫಾಯ್ಡ್, ಮೂತ್ರಪಿಂಡದ ಸೋಂಕು, ಕ್ಷಯ, ರಕ್ತಕ್ಕೆ ಇಳಿದ ಸೋಂಕು ಇವುಗಳಿಗೆ ಆ್ಯಂಟಿಬಯೋಟಿಕ್ ಜೀವ ಉಳಿಸುತ್ತದೆ. ಅಲ್ಲಿ ಕರುಳಿನ ಬ್ಯಾಕ್ಟೀರಿಯಾ ನೆನೆದು ಹಿಂದೆ ಸರಿಯುವುದು ಮೂರ್ಖತನ. ಜ್ವರ ಇಳಿಯಿತೆಂದು ನೀವಾಗಿಯೇ ನಿಲ್ಲಿಸುವುದೂ ಬೇಡ. ಉಳಿದ ಮಾತ್ರೆಗಳನ್ನು ಮುಂದಿನ ಸಲಕ್ಕೆಂದು ಡಬ್ಬಿಯಲ್ಲಿ ತೆಗೆದಿಡುವುದೂ ಬೇಡ, ಪಕ್ಕದ ಮನೆಯವರಿಗೆ ಕೊಡುವುದಂತೂ ಬೇಡವೇ ಬೇಡ.

ಮೊಸರು, ಮಜ್ಜಿಗೆ, ಕ್ಯಾಪ್ಸೂಲ್

ಮೊದಲು ಸಮಯದ ಮಾತು. ಸಿಪ್ರೋಫ್ಲಾಕ್ಸಾಸಿನ್, ಡಾಕ್ಸಿಸೈಕ್ಲಿನ್ ಮಾತ್ರೆಗಳನ್ನು ಹಾಲು, ಮೊಸರು, ಮಜ್ಜಿಗೆಯ ಜೊತೆಗೆ ನುಂಗಬಾರದು. ಅವುಗಳಲ್ಲಿನ ಕ್ಯಾಲ್ಸಿಯಂ ಔಷಧವನ್ನು ಹಿಡಿದಿಟ್ಟುಕೊಂಡು ರಕ್ತಕ್ಕೆ ಸೇರದಂತೆ ಮಾಡುತ್ತದೆ. ‘ಹೀಟು’ ತಗ್ಗಿಸಲೆಂದು ಮಾತ್ರೆಯ ಹಿಂದೆಯೇ ಒಂದು ಲೋಟ ಮಜ್ಜಿಗೆ ಕುಡಿದರೆ ಕಾಯಿಲೆಯೂ ವಾಸಿಯಾಗದು. ನೀರಿನಲ್ಲಿ ಮಾತ್ರೆ ನುಂಗಿ, ಕನಿಷ್ಠ ಎರಡು ಗಂಟೆ ಕಳೆದ ಮೇಲೆ ಮೊಸರನ್ನ ಉಣ್ಣಿ.

ಮನೆಯಲ್ಲಿ ಹೆಪ್ಪು ಹಾಕಿದ ಮೊಸರು ಒಳ್ಳೆಯ ಆಹಾರ. ಹೊಟ್ಟೆಗೆ ಹಿತ, ಪ್ರೋಟೀನ್ ಇದೆ, ಜೀವಂತ ಬ್ಯಾಕ್ಟೀರಿಯಾವೂ ಇವೆ. ಆದರೆ ಅವು ಕರುಳಿನಲ್ಲಿ ಶಾಶ್ವತವಾಗಿ ನೆಲೆಸುವ ಜಾತಿಗಳಲ್ಲ. ಕಳೆದುಹೋದವುಗಳ ಜಾಗವನ್ನು ಅವು ತುಂಬಲಾರವು. ಇಡ್ಲಿ, ದೋಸೆ ಹಿಟ್ಟಿನ ಹುದುಗಿನ ಬ್ಯಾಕ್ಟೀರಿಯಾವಂತೂ ಹಬೆಯಲ್ಲಿ, ಕಾವಲಿಯ ಮೇಲೆ ಸಾಯುತ್ತವೆ. ಇಡ್ಲಿ ಸುಲಭವಾಗಿ ಅರಗುತ್ತದೆ ಎಂಬುದಷ್ಟೇ ಅದರ ಲಾಭ.

ಪ್ರೋಬಯೋಟಿಕ್ ಕ್ಯಾಪ್ಸೂಲ್, ಚಿಕ್ಕ ಚಿಕ್ಕ ಟ್ಯೂಬುಗಳ ವಿಷಯದಲ್ಲಿ ನಾನು ಹೇಳುವುದು ಹಲವರಿಗೆ ಹಿಡಿಸಲಿಕ್ಕಿಲ್ಲ. ಆ್ಯಂಟಿಬಯೋಟಿಕ್ ಶುರುವಾದ ಕೂಡಲೆ ಕೆಲವು ನಿರ್ದಿಷ್ಟ ಬಗೆಯವನ್ನು, ಉದಾಹರಣೆಗೆ ಸ್ಯಾಕರೊಮೈಸಿಸ್ ಬೌಲಾರ್ಡಿ ಎಂಬ ಯೀಸ್ಟನ್ನು, ತೆಗೆದುಕೊಂಡರೆ ಭೇದಿಯಾಗುವ ಸಾಧ್ಯತೆ ಕಡಿಮೆಯಾಗುತ್ತದೆ ಎಂಬುದಕ್ಕೆ ಆಧಾರವಿದೆ. ಯೀಸ್ಟ್ ಆದ್ದರಿಂದ ಆ್ಯಂಟಿಬಯೋಟಿಕ್‌ಗೆ ಅದು ಸಾಯುವುದಿಲ್ಲ. ಆದರೆ ಕೋರ್ಸ್ ಮುಗಿದ ಮೇಲೆ ‘ಹೊಟ್ಟೆ ಸೆಟ್ ಆಗ್ಲಿ’ ಎಂದು ತಿಂಗಳುಗಟ್ಟಲೆ ದುಬಾರಿ ಕ್ಯಾಪ್ಸೂಲ್ ನುಂಗುವುದಕ್ಕೆ ಅಂಥ ಸಮರ್ಥನೆ ಇಲ್ಲ. 2018ರಲ್ಲಿ ವೈಜ್‌ಮನ್ ಸಂಸ್ಥೆಯವರೇ ನಡೆಸಿದ ಇನ್ನೊಂದು ಅಧ್ಯಯನದಲ್ಲಿ, ಆ್ಯಂಟಿಬಯೋಟಿಕ್ ಬಳಿಕ ಹಲವು ಬ್ಯಾಕ್ಟೀರಿಯಾ ಬೆರೆಸಿದ ಪ್ರೋಬಯೋಟಿಕ್ ತೆಗೆದುಕೊಂಡವರಲ್ಲಿ ಸ್ವಂತ ಬ್ಯಾಕ್ಟೀರಿಯಾ ಮರಳುವುದು ಏನೂ ತೆಗೆದುಕೊಳ್ಳದವರಿಗಿಂತಲೂ ತಡವಾಯಿತು. ಇನ್ನು, ಆ್ಯಂಟಿಬಯೋಟಿಕ್ ಜೊತೆ ಬರೆದುಕೊಡುವ ಬಿ–ಕಾಂಪ್ಲೆಕ್ಸ್ ಬರೀ ವಿಟಮಿನ್. ಅದರಲ್ಲಿ ಬ್ಯಾಕ್ಟೀರಿಯಾ ಇರುವುದಿಲ್ಲ.

ಕರುಳಿನಲ್ಲಿ ಅಳಿದುಳಿದವು ಮತ್ತೆ ಬೆಳೆಯಬೇಕಾದರೆ ಅವುಗಳಿಗೆ ಊಟ ಬೇಕು. ಭೇದಿ ಇರುವಷ್ಟು ದಿನ ಗಂಜಿ, ಮೊಸರನ್ನ, ಮಾಗಿದ ಬಾಳೆಹಣ್ಣು ಸಾಕು. ಭೇದಿ ನಿಂತ ಮೇಲೆ ಮೆಲ್ಲಗೆ ನಾರಿನ ಕಡೆ ಹೊರಳಿ: ರಾಗಿ ಮುದ್ದೆ ಅಥವಾ ಜೋಳದ ರೊಟ್ಟಿ, ಸೊಪ್ಪಿನ ಸಾರು, ಹುರುಳಿ, ಅವರೆ, ಹೆಸರುಕಾಳು, ಬಾಳೆದಿಂಡಿನ ಪಲ್ಯ. ಒಂದೇ ಬಗೆಯ ನಾರಿಗೆ ಒಂದೇ ಬಗೆಯ ಬ್ಯಾಕ್ಟೀರಿಯಾ ಬೆಳೆಯುತ್ತವೆ. ಆದ್ದರಿಂದ ವಾರದಲ್ಲಿ ಎಷ್ಟು ಬಗೆಯ ಕಾಳು, ಸೊಪ್ಪು, ತರಕಾರಿ ತಟ್ಟೆಗೆ ಬಂತು ಎಂದು ನೋಡಿಕೊಳ್ಳಿ. ಬರೀ ಬಿಳಿ ಅನ್ನ, ಬ್ರೆಡ್ಡು, ಬಿಸ್ಕತ್ತಿನಲ್ಲಿ ಈ ಬ್ಯಾಕ್ಟೀರಿಯಾಗಳ ಪಾಲಿಗೆ ಹೆಚ್ಚೇನೂ ಉಳಿಯುವುದಿಲ್ಲ. ಒಮ್ಮೆಲೇ ಹೆಚ್ಚು ಕಾಳು ತಿಂದರೆ ಹೊಟ್ಟೆ ಉಬ್ಬರಿಸುತ್ತದೆ, ದಿನದಿನ ಸ್ವಲ್ಪಸ್ವಲ್ಪ ಏರಿಸಿ.

ಹೆಂಗಸರಿಗೆ, ಮಕ್ಕಳಿಗೆ, ಹಿರಿಯರಿಗೆ

ಯೋನಿಯಲ್ಲಿ ಲ್ಯಾಕ್ಟೊಬ್ಯಾಸಿಲಸ್ ಬ್ಯಾಕ್ಟೀರಿಯಾ ಲ್ಯಾಕ್ಟಿಕ್ ಆಮ್ಲ ತಯಾರಿಸಿ ಆ ಜಾಗವನ್ನು ಹುಳಿಯಾಗಿಡುತ್ತವೆ. ಆ ಹುಳಿಯಲ್ಲಿ ರೋಗಾಣು ಬೆಳೆಯಲಾರವು. ಆ್ಯಂಟಿಬಯೋಟಿಕ್‌ನಿಂದ ಇವು ಕಡಿಮೆಯಾದಾಗ ಕ್ಯಾಂಡಿಡಾ ಎಂಬ ಶಿಲೀಂಧ್ರ ಮೇಲೇಳುತ್ತದೆ. ಮೊಸರಿನ ಗಡ್ಡೆಯಂಥ ಬಿಳಿ ಸ್ರಾವ ಮತ್ತು ವಿಪರೀತ ತುರಿಕೆ ಅದರ ಗುರುತು. ತೆಳ್ಳಗೆ ಬೂದು ಬಣ್ಣದ, ಮೀನಿನ ವಾಸನೆಯ ಸ್ರಾವ ಇದ್ದರೆ ಅದು ಬೇರೆ ತೊಂದರೆ, ಬ್ಯಾಕ್ಟೀರಿಯಲ್ ವಜೈನೋಸಿಸ್. ಒಂದಕ್ಕೆ ಕೊಡುವ ಮದ್ದು ಇನ್ನೊಂದಕ್ಕೆ ನಾಟದು. ಸಂಕೋಚಪಟ್ಟು ಅಂಗಡಿಯಿಂದ ಕ್ರೀಮ್ ತರಿಸಿಕೊಳ್ಳುವ ಬದಲು ವೈದ್ಯರಿಗೆ ತೋರಿಸಿ. ಒಳಭಾಗವನ್ನು ಸೋಪು, ಡೆಟಾಲ್, ಸುವಾಸನೆಯ ವಾಶ್ ಹಾಕಿ ತೊಳೆಯುವುದು ಶುಚಿತ್ವವಲ್ಲ, ಉಳಿದ ಲ್ಯಾಕ್ಟೊಬ್ಯಾಸಿಲಸ್‌ಗಳನ್ನೂ ಕಳೆದುಕೊಳ್ಳುವ ದಾರಿ. ಹೊರಗೆ ಬರೀ ನೀರು ಸಾಕು. ಸಕ್ಕರೆ ಕಾಯಿಲೆ ಇರುವವರಿಗೆ ಈ ತುರಿಕೆ ಮತ್ತೆಮತ್ತೆ ಬಂದರೆ ಸಕ್ಕರೆ ಪರೀಕ್ಷೆ ಮಾಡಿಸಿ. ಅಸ್ತಮಾಕ್ಕೆ ಸ್ಟೆರಾಯ್ಡ್ ಇನ್‌ಹೇಲರ್ ಬಳಸುವವರ ಬಾಯಲ್ಲೂ ಕ್ಯಾಂಡಿಡಾ ಬೆಳೆಯಬಹುದು. ಪ್ರತಿ ಸಲ ಎಳೆದ ಮೇಲೆ ಬಾಯಿ ಮುಕ್ಕಳಿಸಿ ಉಗುಳಿದರೆ ತಪ್ಪುತ್ತದೆ.

ಎಳೆಯ ಮಗುವಿನ ಕರುಳಿನಲ್ಲಿ ಮೊದಲು ಹೆಚ್ಚಾಗಿ ಬೆಳೆಯಬೇಕಾದದ್ದು ಬೈಫಿಡೊಬ್ಯಾಕ್ಟೀರಿಯಂ. ತಾಯಿಯ ಹಾಲಿನಲ್ಲಿ ಮಗುವಿಗೆ ಅರಗದ ಒಂದು ಬಗೆಯ ಸಕ್ಕರೆಗಳಿವೆ. ಅವು ಈ ಬ್ಯಾಕ್ಟೀರಿಯಾಗಳಿಗೆ ಆಹಾರವಾಗುತ್ತವೆ. ಆರು ತಿಂಗಳು ಬರೀ ಎದೆಹಾಲು ಎನ್ನುವುದರ ಹಿಂದೆ ಈ ಕಾರಣವೂ ಇದೆ. ಒಡಿಶಾದ ಹಳ್ಳಿಗಳಲ್ಲಿ ಪಿನಾಕಿ ಪಾಣಿಗ್ರಾಹಿ ಅವರ ತಂಡ 4,556 ನವಜಾತ ಶಿಶುಗಳ ಮೇಲೆ ನಡೆಸಿದ ಪ್ರಯೋಗ 2017ರಲ್ಲಿ ಪ್ರಕಟವಾಯಿತು. ಒಂದು ವಾರ ಲ್ಯಾಕ್ಟೊಬ್ಯಾಸಿಲಸ್ ಪ್ಲಾಂಟಾರಮ್ ಮತ್ತು ಅದಕ್ಕೆ ಬೇಕಾದ ಸಕ್ಕರೆ ಪಡೆದ ಶಿಶುಗಳಲ್ಲಿ ಎರಡು ತಿಂಗಳೊಳಗೆ ರಕ್ತದ ಸೋಂಕು ಅಥವಾ ಸಾವು 5.4% ಇದ್ದರೆ, ಪಡೆಯದವುಗಳಲ್ಲಿ 9%. ಇದು ಆ ಒಂದು ತಳಿಯನ್ನು, ತೀರಾ ಕಡಿಮೆ ತೂಕವಿಲ್ಲದ, ಎದೆಹಾಲು ಕುಡಿಯುವ ಶಿಶುಗಳಿಗೆ ಕೊಟ್ಟಾಗ ಸಿಕ್ಕ ಫಲ. ಇದನ್ನು ಓದಿ ಅಂಗಡಿಯ ಯಾವುದೋ ಪೊಟ್ಟಣ ತಂದು ಕೂಸಿನ ಬಾಯಿಗೆ ಹಾಕಬೇಡಿ. ಅವಧಿಗೆ ಮುನ್ನ ಹುಟ್ಟಿದ ಶಿಶುಗಳಿಗೆ ಪ್ರೋಬಯೋಟಿಕ್ ಅಪಾಯ ತರಬಹುದೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2023ರಲ್ಲಿ ಎಚ್ಚರಿಸಿದೆ.

ಹಿರಿಯರ ವಿಷಯದಲ್ಲಿ ‘ಗ್ಯಾಸ್ ಮಾತ್ರೆ’ಯ ಮೇಲೆ ಕಣ್ಣಿಡಿ. ಪ್ಯಾಂಟೊಪ್ರಜೋಲ್, ಓಮೆಪ್ರಜೋಲ್ ಜಠರದ ಆಮ್ಲ ತಗ್ಗಿಸುತ್ತವೆ. ಬಾಯಿಂದ ಬರುವ ರೋಗಾಣುಗಳಲ್ಲಿ ಎಷ್ಟೋ ಸಾಯುವುದು ಆ ಆಮ್ಲದಲ್ಲೇ. ಎಂದೋ ಬರೆದುಕೊಟ್ಟದ್ದನ್ನು ವರ್ಷಗಟ್ಟಲೆ ನುಂಗುತ್ತಿದ್ದರೆ ಇನ್ನೂ ಬೇಕೇ ಎಂದು ವೈದ್ಯರನ್ನು ಕೇಳಿ. ಆಸ್ಪಿರಿನ್ ಅಥವಾ ನೋವಿನ ಮಾತ್ರೆಯ ಜೊತೆ ಕೊಟ್ಟಿದ್ದರೆ ಕೇಳದೆ ನಿಲ್ಲಿಸಬೇಡಿ. ಹೃದಯದ ಕವಾಟ ಬದಲಿಸಿಕೊಂಡು, ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ತೆಗೆದುಕೊಳ್ಳುವವರು ಆ್ಯಂಟಿಬಯೋಟಿಕ್ ಶುರು ಮಾಡುವ ಮೊದಲೇ ವೈದ್ಯರಿಗೆ ತಿಳಿಸಬೇಕು. ವಿಟಮಿನ್ ಕೆ ತಯಾರಿಸುವ ಕರುಳಿನ ಬ್ಯಾಕ್ಟೀರಿಯಾ ಕಡಿಮೆಯಾಗುವುದರಿಂದಲೂ, ಕೆಲವು ಆ್ಯಂಟಿಬಯೋಟಿಕ್‌ಗಳು ವಾರ್ಫರಿನ್‌ನ ಬಲ ಹೆಚ್ಚಿಸುವುದರಿಂದಲೂ ರಕ್ತಸ್ರಾವವಾಗಬಹುದು. ರಕ್ತ ಹೆಪ್ಪುಗಟ್ಟುವ ವೇಗ ತಿಳಿಸುವ ಐಎನ್‌ಆರ್ ಪರೀಕ್ಷೆ ಮಾಮೂಲಿಗಿಂತ ಬೇಗ ಮಾಡಿಸಬೇಕಾಗುತ್ತದೆ.

ಮನೆಯ ಆಸ್ಪತ್ರೆ ಫೈಲಿನ ಮೊದಲ ಹಾಳೆಯಲ್ಲಿ ಪ್ರತಿಯೊಬ್ಬರ ಹೆಸರಿನ ಕೆಳಗೆ ಆ್ಯಂಟಿಬಯೋಟಿಕ್ ತೆಗೆದುಕೊಂಡ ದಿನಾಂಕ, ಮಾತ್ರೆಯ ಹೆಸರು, ಎಷ್ಟು ದಿನ, ಹೊಟ್ಟೆ ಕೆಟ್ಟಿತ್ತೇ, ಮೈಮೇಲೆ ಗಂಧೆ ಎದ್ದಿತ್ತೇ ಎಂದು ಒಂದೊಂದು ಸಾಲು ಬರೆದಿಡಿ. ಹೆಸರು ಗೊತ್ತಾಗದಿದ್ದರೆ ಖಾಲಿ ಸ್ಟ್ರಿಪ್ಪನ್ನೇ ಪಿನ್ ಮಾಡಿ. ಮುಂದಿನ ಸಲ ಬೇರೆ ಆಸ್ಪತ್ರೆಗೆ ಹೋದರೂ, ಮಾತ್ರೆ ಬರೆಯುವ ಮೊದಲೇ ಆ ಹಾಳೆಯನ್ನು ವೈದ್ಯರ ಮೇಜಿನ ಮೇಲಿಡಿ.